ಶೇಡಿ ಕಂಡಲ್ಲಿ ಸುತ್ತಿಗೆ ಕೆಳಗಿಡಿ

ಮಳೆಗಾಲ ಕಳೆದು ತೋಟದ ಕೆಲಸ ಶುರುವಾಯಿತೆಂದರೆ ನಮ್ಮ ಮನೆ ಜಗಲಿಗೆ ಕಲ್ಲುಗಳು ಬರತೊಡಗುತ್ತವೆ. ಅಗಳ ತೆಗೆಯುವಾಗ ಸಿಕ್ಕಿದ್ದು, ಬಾವಿ ಮಣ್ಣಿನಲ್ಲಿ ಹೊಳೆದದ್ದು, ಕಾರವಾರದ ಮರಳಿನಲ್ಲಿ ಮೊಮ್ಮಕ್ಕಳು ಹೆಕ್ಕಿದ್ದು. ಕಳೆದ ತಿಂಗಳು ಶಿರಸಿ ಹತ್ತಿರದ ಅಡಿಕೆ ಬೆಳೆಗಾರರೊಬ್ಬರು ಕವಳದ ಸಂಚಿಯಿಂದ ಹೆಬ್ಬೆರಳು ಗಾತ್ರದ ತಿಳಿಹಸಿರು ಹರಳು ತೆಗೆದು, "ಇದು ವೈಡೂರ್ಯ ಅಲ್ದನಾ ಮಾರಾಯಾ? ಎಷ್ಟಾಗ್ತು?" ಎಂದರು. ಹಳ್ಳದಲ್ಲಿ ಉರುಳಿ ನುಣುಪಾದ ಬಾಟಲಿ ಗಾಜು ಅದು. ಲೆನ್ಸ್ ಹಿಡಿದು ಒಳಗಿನ ಗಾಳಿಗುಳ್ಳೆ ತೋರಿಸಿದೆ. ನಂಬಿದರು, ಆದರೂ ಹರಳನ್ನು ಮತ್ತೆ ಸಂಚಿಗೇ ಹಾಕಿಕೊಂಡರು.

ಅವರು ಬಳಸಿದ ಹೆಸರು ಮಾತ್ರ ಸರಿಯಾದ ದಾರಿಯಲ್ಲೇ ಇತ್ತು. ಇಂದು ಆಭರಣದ ಅಂಗಡಿಯಲ್ಲಿ ವೈಡೂರ್ಯ ಎಂದರೆ ಬೆಕ್ಕಿನ ಕಣ್ಣಿನ ಕಲ್ಲು. ಆದರೆ ಇದೇ ಪದದ ಪ್ರಾಕೃತ ರೂಪ ಗ್ರೀಕರ ಬಾಯಲ್ಲಿ 'ಬೆರಿಲ್ಲೋಸ್' ಆಗಿ, ಕೊನೆಗೆ ಬೆರಿಲ್ ಎಂಬ ಖನಿಜದ ಹೆಸರಾಯಿತು. ತಮಿಳುನಾಡಿನ ಕಾಂಗೇಯಂ ಬಳಿಯ ಪಡಿಯೂರಿನ ಬೆರಿಲ್ ಹಳೆಯ ಕಾಲದಿಂದಲೂ ಹೆಸರಾದದ್ದು. ಬೆರಿಲ್ ಹೆಚ್ಚಾಗಿ ಸಿಗುವುದು ಭಾರತದಲ್ಲೇ ಎಂದು ರೋಮಿನ ಪ್ಲಿನಿ ಮೊದಲ ಶತಮಾನದಲ್ಲೇ ಬರೆದಿದ್ದ. ಬೆರಿಲ್‌ನಲ್ಲಿ ಕಬ್ಬಿಣದ ಅಂಶ ಸೇರಿ ನೀಲಿ ಬಂದರೆ ಅಕ್ವಾಮರೀನ್, ಅಂದರೆ ಕಡಲನೀರು. (ಜನವರಿಯ ಕಾರವಾರದ ಕಡಲು ಎಂದಿಟ್ಟುಕೊಳ್ಳಿ. ಆಷಾಢದಲ್ಲಿ ಅದು ಚಹಾದ ಬಣ್ಣ.) ಕ್ರೋಮಿಯಂ ಅಥವಾ ವೆನೇಡಿಯಂ ಸೇರಿದರೆ ಅದೇ ಖನಿಜ ಪಚ್ಚೆ.

ಬೆರಿಲ್ ಹುಟ್ಟುವ ಮುಖ್ಯ ಜಾಗ ಪೆಗ್ಮಟೈಟ್ ಎಂಬ ಶಿಲೆ. ಗ್ರಾನೈಟ್ ಗಟ್ಟಿಯಾಗುತ್ತ ಬಂದಾಗ ಕೊನೆಯಲ್ಲಿ ಒಂದಿಷ್ಟು ನೀರುಭರಿತ ಪಾಕ ಉಳಿಯುತ್ತದೆ. ಬೆರಿಲ್ ಒಳಗಿನ ಬೆರಿಲಿಯಂ ಎಂಬ ಧಾತುವಿನ ಕಣ ತೀರಾ ಚಿಕ್ಕದು, ಸಾಮಾನ್ಯ ಖನಿಜಗಳ ಚೌಕಟ್ಟಿನಲ್ಲಿ ಕೂರುವುದಿಲ್ಲ. ಹಾಗಾಗಿ ಈ ಕೊನೆಯ ಪಾಕದಲ್ಲಿ ಸೇರಿಕೊಳ್ಳುತ್ತದೆ. ಆ ಪಾಕ ಬಂಡೆಯ ಬಿರುಕಿಗೆ ನುಗ್ಗಿ ಹೆಪ್ಪುಗಟ್ಟಿದಾಗ ದೊಡ್ಡ ದೊಡ್ಡ ಹರಳುಗಳ ಬಿಳಿ ಪಟ್ಟೆಯಾಗುತ್ತದೆ: ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರ (ಅಭ್ರಕ). ಬಹುಪಾಲು ಪಟ್ಟೆಗಳಲ್ಲಿ ಈ ಮೂರರಾಚೆ ಏನೂ ಇರುವುದಿಲ್ಲ. ನೆಲ್ಲೂರಿನ, ರಾಜಸ್ಥಾನದ ಅಭ್ರಕದ ಸೀಮೆಗಳಲ್ಲಿ ಬೆರಿಲ್ ಸಿಕ್ಕಿದೆಯೆಂದು ನಮ್ಮ ಗುಡ್ಡದ ಪ್ರತಿ ಬಿಳಿ ಗೆರೆಯೂ ಖಜಾನೆಯಾಗುವುದಿಲ್ಲ.

ಆದರೂ ನೋಡುವ ಕ್ರಮವೊಂದಿದೆ. ಪುಸ್ತಕಗಳಲ್ಲಿರುವ ಬೋಳುಗುಡ್ಡದ ಚಿತ್ರ ನಮ್ಮ ಮಳೆಯ ಊರಿಗೆ ಹೊಂದುವುದಿಲ್ಲ. ಇಲ್ಲಿ ಫೆಲ್ಡ್‌ಸ್ಪಾರ್ ಕಲ್ಲಾಗಿ ಉಳಿಯುವುದೇ ಕಷ್ಟ, ಕೊಳೆತು ಬಿಳಿ ಜೇಡಿಯಾಗುತ್ತದೆ. ನಮ್ಮ ಹೆಂಗಸರು ಗೋಡೆಯ ಮೇಲೆ ಚಿತ್ತಾರ ಬರೆಯಲು ತರುತ್ತಿದ್ದರಲ್ಲ, ಆ ಶೇಡಿ ಮಣ್ಣಿನ ಜಾತಿ. ಬೆಣಚು ಕೊಳೆಯುವುದಿಲ್ಲ, ಬೆರಿಲ್ ಕೂಡ ಸುಲಭಕ್ಕೆ ಬಗ್ಗುವುದಿಲ್ಲ. ಆದ್ದರಿಂದ ಕೆಂಪು ಧರೆಯಲ್ಲಿ, ಅಂದರೆ ಕಡಿದ ಮಣ್ಣಿನ ಗೋಡೆಯಲ್ಲಿ, ಬಿಳಿ ಶೇಡಿಯ ಪಟ್ಟಿ, ಅದರಲ್ಲಿ ಕಾಗೆಬಂಗಾರದ ಮಿನುಗು, ನಡುವೆ ಬೆಣಚಿನ ಗಡ್ಡೆ ಕಂಡರೆ ಅಲ್ಲಿ ನಿಲ್ಲಿ. ಬೆರಿಲ್ ಇದ್ದರೆ ಹೆಚ್ಚಾಗಿ ಬೆಣಚಿನ ತಿರುಳಿನ ಅಂಚಿನಲ್ಲಿರುತ್ತದೆ. ಮೊದಲೇ ಬಿರುಕುಬಿಟ್ಟಿರುವ ಹರಳು ಸುತ್ತಿಗೆಯ ಒಂದು ಏಟಿಗೆ ಪುಡಿಪುಡಿ. ಕೈಯಲ್ಲೇ ಮಣ್ಣು ಬಿಡಿಸಿ, ಜರಡಿಯಲ್ಲಿ ಹಾಕಿ ತೊಳೆಯಿರಿ. ಬೆಣಚನ್ನು ಒಡೆಯಲೇಬೇಕಾದರೆ ನೀರು ಚಿಮುಕಿಸಿಕೊಂಡು ಒಡೆಯಿರಿ. ಆ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ.

ಹರಳು ಸಿಕ್ಕಿತು, ಮುಂದೆ? ಆರು ಮುಖದ ಕಂಬ ಕಂಡೊಡನೆ ಕುಣಿಯಬೇಡಿ, ಬೆಣಚಿಗೂ ಆರು ಮುಖ. ಗೆರೆ ನೋಡಿ: ಬೆಣಚಿನ ಕಂಬದ ಮೇಲೆ ಗೆರೆಗಳು ಅಡ್ಡಡ್ಡ, ಬೆರಿಲ್ ಮೇಲೆ ಗೆರೆ ಇದ್ದರೆ ಉದ್ದುದ್ದ. ಬೆಣಚಿನ ತುದಿ ಚೂಪು, ಬೆರಿಲ್‌ನದು ಸಾಮಾನ್ಯವಾಗಿ ಚಪ್ಪಟೆ. ಗಡಸುತನದಲ್ಲಿ (1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ) ಬೆಣಚು 7, ಬೆರಿಲ್ 7.5ರಿಂದ 8, ಹಾಗಾಗಿ ಅದು ಬೆಣಚನ್ನು ಗೀರಬೇಕು. ಗೀರಿದ ಮೇಲೆ ಒದ್ದೆ ಬೆರಳಲ್ಲಿ ಉಜ್ಜಿ ನೋಡಿ, ಅಳಿಸಿಹೋದರೆ ಅದು ಗೀರಲ್ಲ, ಪುಡಿ. ಅಪಟೈಟ್ ಎಂಬ ಖನಿಜ ಬಣ್ಣದಲ್ಲೂ ಆಕಾರದಲ್ಲೂ ಮೋಸ ಮಾಡುತ್ತದೆ, ಆದರೆ ಅದರ ಗಡಸುತನ ಬರೀ 5, ಉಕ್ಕಿನ ಚಾಕು ಅದನ್ನು ಗೀರುತ್ತದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ದಾರ ಕಟ್ಟಿ, ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿಸಿ. 13.5 ಗ್ರಾಮಿನ ಹರಳು ನೀರಿನಲ್ಲಿ 8.5 ತೂಗಿದರೆ, ಕಡಿಮೆಯಾದ 5ರಿಂದ 13.5ನ್ನು ಭಾಗಿಸಿ: 2.7. ಅಂದರೆ ಅಷ್ಟೇ ಗಾತ್ರದ ನೀರಿನ 2.7 ಪಟ್ಟು ತೂಕ. ಬೆರಿಲ್ ಅದರ ಆಸುಪಾಸು, ಅಪಟೈಟ್ 3.2. ಬೆಣಚು 2.65 ಆದ್ದರಿಂದ ತೂಕವೊಂದನ್ನೇ ನಂಬಿ ಕೂರುವಂತಿಲ್ಲ.

ಇನ್ನು ಹುಡುಕುವ ಜಾಗ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪಿನ ಹಕ್ಕು, ಕಲ್ಲಿನದಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಲ್ಲಿಗಂತೂ ಕೈ ಹಾಕಲೇಬೇಡಿ. ಬೆರಿಲಿಯಂ ಗಣಿ ಕಾಯ್ದೆಯ 2023ರ ತಿದ್ದುಪಡಿಯವರೆಗೆ ಅಣುಖನಿಜಗಳ ಪಟ್ಟಿಯಲ್ಲಿತ್ತು, ಈಗ ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿದೆ. ಸ್ವಂತ ಜಮೀನಾದರೂ ಅಗೆದು ಮಾರುವ ಯೋಚನೆ ಬೇಡ. ಹೆದ್ದಾರಿಗಾಗಿ ಕಡಿದ ಧರೆಗಳಲ್ಲಿ ಬಿಳಿ ಪಟ್ಟಿ ಚೆನ್ನಾಗಿ ಕಾಣುತ್ತದೆ, ನಿಜ. ನಾನೂ ಹಿಂದೆ ಅಂಥ ಧರೆಯ ಬುಡದಲ್ಲಿ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತವನೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಇಳಿದ ಮೇಲೆ ಆ ಅಭ್ಯಾಸ ಬಿಟ್ಟಿದ್ದೇನೆ. ಶೇಡಿ ನೀರು ಕುಡಿದರೆ ಜಾರುಬಂಡೆಯಂತೆ, ಮಳೆ ನಿಂತ ಮೇಲೂ ಕೆಲವು ವಾರ ಅದರ ಕೆಳಗೆ ನಿಲ್ಲುವುದು ಜಾಣತನವಲ್ಲ.

ನನ್ನ ಬಳಿ ಕಲ್ಲು ತರುವವರಲ್ಲಿ ಒಂದು ಕೋರಿಕೆ. ಬ್ರಷ್ಷಿನಲ್ಲಿ ತಿಕ್ಕಿ, ಕೊಬ್ಬರಿ ಎಣ್ಣೆ ಹಚ್ಚಿ ಮಿರಮಿರ ಮಾಡಿ ತರಬೇಡಿ. ಅಂಟಿದ ಮಣ್ಣು ಹಾಗೇ ಇರಲಿ, ಪಕ್ಕದ ಒಂದು ಹಿಡಿ ಶೇಡಿಯನ್ನೂ ಪೊಟ್ಟಣ ಕಟ್ಟಿ ತನ್ನಿ. ಎಷ್ಟೋ ಸಲ ಹರಳಿಗಿಂತ ಮೊದಲು ನಾನು ನೋಡುವುದು ಆ ಪೊಟ್ಟಣವನ್ನೇ.