ಹಲ್ಲಿಗೆ ಈಜುರೆಕ್ಕೆ, ಕೋಳಿಗೆ ಬಾಲ

ಶಹಾಬಾದ್ ಕಡೆಯ ಹಳೆಯ ಫರಸಿ ಖಣಿಯ ಅಂಚಿನಿಂದ ಒಂದು ಕಲ್ಲು ಕೆಳಗೆ ಬಿತ್ತು ಅಂದುಕೊಳ್ಳಿ. ಖಣಿ 20 ಮೀಟರ್ ಆಳ ಇದ್ದರೆ ಅದು ತಳ ಮುಟ್ಟಲು 2 ಸೆಕೆಂಡ್ ಬೇಕು. ಅದೇ ಕಲ್ಲು ನಿಮ್ಮ ಎದೆಯ ಎತ್ತರದಿಂದ, ಸುಮಾರು 1.25 ಮೀಟರಿನಿಂದ ಬಿದ್ದರೆ ಅರ್ಧ ಸೆಕೆಂಡ್ ಸಾಕು. ಎತ್ತರ 16 ಪಟ್ಟು ಜಾಸ್ತಿಯಾಯಿತು, ಸಮಯ ಮಾತ್ರ 4 ಪಟ್ಟು. ಕಡಿಮೆ ದುಡ್ಡಿನ ಡೈನೋಸಾರ್ ಸಿನಿಮಾಗಳನ್ನು ನಾನು ಇಷ್ಟು ಪ್ರೀತಿಸುವುದಕ್ಕೆ ಅರ್ಧ ಕಾರಣ ಈ ಲೆಕ್ಕದಲ್ಲೇ ಇದೆ.

ನಾನು ಇವುಗಳನ್ನು ಮೊದಲು ನೋಡಿದ್ದು ಕಲಬುರಗಿಯ ಬೇಸಿಗೆ ರಜೆಯಲ್ಲಿ. ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರಲಿಲ್ಲ. ಫರಸಿ ನೆಲಕ್ಕೆ ನೀರು ಚಿಮುಕಿಸಿ ಎಲ್ಲರೂ ಮಲಗುವ ಹೊತ್ತು ಅದು. ಆಗ ಅಣ್ಣ ಬಾಡಿಗೆಗೆ ತಂದ ಸಿಡಿ ಹಾಕುತ್ತಿದ್ದ, ಹಿಂದಿಗೆ ಡಬ್ ಆದದ್ದು. ಯಾರೂ ಕಾಲಿಡದ ಒಂದು ದ್ವೀಪ, ಇಲ್ಲವೇ ಮೋಡ ಮುಚ್ಚಿದ ಒಂದು ಗುಡ್ಡದ ತುದಿ. ಅಲ್ಲಿಗೆ ಒಂದಿಷ್ಟು ಜನ ಹೇಗೋ ಹೋಗಿ ಸಿಕ್ಕಿಕೊಳ್ಳುತ್ತಾರೆ, ಡೈನೋಸಾರ್ ಬೆನ್ನು ಹತ್ತುತ್ತದೆ, ಕೊನೆಗೆ ಜ್ವಾಲಾಮುಖಿ ಸಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಉಳಿದ ಕಥೆಯನ್ನು ನಾವೇ ಕಟ್ಟುತ್ತಿದ್ದೆವು.

ಈ ಕಥೆಗೆ ಗಟ್ಟಿ ರೂಪ ಕೊಟ್ಟದ್ದು 1912ರಲ್ಲಿ ಬಂದ ಆರ್ಥರ್ ಕಾನನ್ ಡಾಯ್ಲ್ ಅವರ ಕಾದಂಬರಿ, 'ದಿ ಲಾಸ್ಟ್ ವರ್ಲ್ಡ್'. ದಕ್ಷಿಣ ಅಮೆರಿಕದಲ್ಲಿ ರೊರೈಮಾದಂಥ ಗುಡ್ಡಗಳಿವೆ. ಸುತ್ತಲೂ ಗೋಡೆಯ ಹಾಗೆ ಕಡಿದಾದ ಬಂಡೆ, ಮೇಲೆ ಮೇಜಿನ ಹಾಗೆ ಸಪಾಟು. ಅಂಥ ಕಡೆ ಹೊರಗಿನ ಲೋಕ ಮುಟ್ಟದ ಜೀವಿಗಳು ಉಳಿದಿದ್ದರೆ? ಪ್ರಶ್ನೆ ಚೆನ್ನಾಗಿಯೇ ಇದೆ. ಡೈನೋಸಾರ್ ಅಂತೂ ಅಲ್ಲಿಲ್ಲ, ಆದರೆ ಬೇರೆಲ್ಲೂ ಕಾಣದ ಗಿಡಗಳು, ಕಪ್ಪೆಗಳು ಆ ಗುಡ್ಡಗಳ ಮೇಲೆ ನಿಜಕ್ಕೂ ಇವೆ.

ಚಿಕ್ಕವನಿದ್ದಾಗ ನಮ್ಮ ಓಣಿಗೆ ಹಗಲುವೇಷದವರು ಬರುತ್ತಿದ್ದರು. ಹನುಮಂತನ ಬಾಲಕ್ಕೆ ಬಟ್ಟೆ ಸುತ್ತಿದ್ದು, ದಾರ ಕಟ್ಟಿದ್ದು ಎಲ್ಲ ಕಾಣುತ್ತಿತ್ತು. ಆದರೂ ಆತ ಹಾರಿ ಎದುರಿಗೆ ಕುಳಿತರೆ ನಾವು ಹಿಂದೆ ಸರಿಯುತ್ತಿದ್ದೆವು. ದಾರ ಕಂಡರೂ ಹೆದರಿಕೆ ಹೋಗುತ್ತಿರಲಿಲ್ಲ. ಈ ಸಿನಿಮಾಗಳನ್ನು ನೋಡುವಾಗ ನನಗೆ ಆಗುವುದು ಅದೇ. ಡೈನೋಸಾರ್ ಹೇಗೆ ಮಾಡಿದ್ದು ಅಂತ ಗೊತ್ತಾಗುತ್ತದೆ, ಹಾಗೆ ಗೊತ್ತಾಗುವುದರಿಂದಲೇ ನಿಜವಾದ ಡೈನೋಸಾರ್ ಹೇಗಿತ್ತು ಅನ್ನುವ ಪ್ರಶ್ನೆ ಹುಟ್ಟುತ್ತದೆ.

ಮಾಡುವ ದಾರಿಗಳು ಮುಖ್ಯವಾಗಿ ಮೂರೇ ಇದ್ದವು. ಗೊಂಬೆ, ಹಲ್ಲಿ, ವೇಷ ಹಾಕಿದ ಮನುಷ್ಯ.

ಗೊಂಬೆಯ ದಾರಿ ಎಲ್ಲಕ್ಕಿಂತ ಕಷ್ಟದ್ದು. 1925ರಲ್ಲಿ ಆ ಕಾದಂಬರಿ ಮೂಕಿ ಸಿನಿಮಾ ಆದಾಗ ವಿಲ್ಲಿಸ್ ಒಬ್ರಿಯನ್ ಅದರ ಡೈನೋಸಾರ್‌ಗಳನ್ನು ನಡೆಸಿದರು, ಗೊಂಬೆಗಳನ್ನು ಮಾಡಿದ್ದು ಮಾರ್ಸೆಲ್ ಡೆಲ್ಗಾಡೊ. ಒಳಗೆ ಲೋಹದ ಕೀಲುಗಳ ಅಸ್ಥಿಪಂಜರ, ಮೇಲೆ ರಬ್ಬರ್ ಚರ್ಮ. ಕೆಲವು ಗೊಂಬೆಗಳ ಹೊಟ್ಟೆಯೊಳಗೆ ಗಾಳಿ ತುಂಬುವ ಚೀಲ ಇಟ್ಟು ಉಸಿರಾಡುವ ಹಾಗೆಯೂ ಮಾಡಿದ್ದರು. ಗೊಂಬೆಯ ಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು. ಸೆಕೆಂಡಿಗೆ 24 ಚಿತ್ರ ಅಂತ ಹಿಡಿದರೆ ಒಂದು ನಿಮಿಷಕ್ಕೆ 1440 ಸಲ ಈ ಕೆಲಸ. ಇಷ್ಟು ತಾಳ್ಮೆಯಿಂದ ಮಾಡಿದರೂ ಗೊಂಬೆ ಯಾಕೆ ಕುಲುಕಿ ಕುಲುಕಿ ನಡೆದ ಹಾಗೆ ಕಾಣುತ್ತದೆ? ಓಡುವ ನಾಯಿಯನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿದರೆ ಪ್ರತಿ ಚಿತ್ರದಲ್ಲೂ ಅದರ ಕಾಲು ಸ್ವಲ್ಪ ಮಸುಕಾಗಿರುತ್ತದೆ, ಯಾಕೆಂದರೆ ಕ್ಯಾಮೆರಾದ ಕಿಂಡಿ ತೆರೆದಿರುವ ಆ ಚೂರು ಹೊತ್ತಿನಲ್ಲೂ ಕಾಲು ಚಲಿಸುತ್ತಲೇ ಇರುತ್ತದೆ. ಆ ಮಸುಕನ್ನೇ ನಮ್ಮ ಕಣ್ಣು ಚಲನೆ ಅಂತ ಓದಿಕೊಳ್ಳುತ್ತದೆ. ಗೊಂಬೆಯಾದರೋ ಪ್ರತಿ ಚಿತ್ರಕ್ಕೂ ಕದಲದೆ ನಿಂತಿರುತ್ತದೆ. ಪ್ರತಿ ಚಿತ್ರವೂ ಸ್ಪಷ್ಟ. ಆ ಸ್ಪಷ್ಟತೆಯೇ ಅದನ್ನು ಹಿಡಿದುಕೊಡುತ್ತದೆ.

ಗೊಂಬೆಗೆ ತಿಂಗಳುಗಟ್ಟಲೆ ಕೂರುವಷ್ಟು ದುಡ್ಡಿಲ್ಲದವರು ಹಲ್ಲಿಯನ್ನು ಹಿಡಿದರು. 1940ರ ಒಂದು ಅಮೆರಿಕನ್ ಸಿನಿಮಾದಲ್ಲಿ ಸಣ್ಣ ಮೊಸಳೆಯ ಬೆನ್ನಿಗೆ ಈಜುರೆಕ್ಕೆ ಅಂಟಿಸಿ ದೊಡ್ಡ ಹಲ್ಲಿಯೊಂದರ ಜೊತೆ ಕಾದಾಡಿಸಿದರು. ಆ ತುಣುಕನ್ನು ಮುಂದೆ ಎಷ್ಟೋ ಸಿನಿಮಾಗಳು ಮತ್ತೆ ಮತ್ತೆ ಬಳಸಿಕೊಂಡವು. 1960ರಲ್ಲಿ 'ದಿ ಲಾಸ್ಟ್ ವರ್ಲ್ಡ್' ಮತ್ತೆ ಸಿನಿಮಾ ಆದಾಗಲೂ ಕೊಂಬು, ರೆಕ್ಕೆ ಅಂಟಿಸಿಕೊಂಡ ಹಲ್ಲಿಗಳೇ ಬಂದವು. ಇಲ್ಲಿ ಒಂದು ಮಾತು ಹೇಳಲೇಬೇಕು. ಜೀವ ಇರುವ ಪ್ರಾಣಿಗಳನ್ನು ಹೀಗೆ ಕಾದಾಡಿಸಿದ್ದನ್ನು ನಾನು ಯಾವ ಅಭಿಮಾನಕ್ಕೂ ಒಪ್ಪುವುದಿಲ್ಲ. ಆ ದೃಶ್ಯ ಬಂದಾಗ ಮನಸ್ಸು ಮುದುಡುತ್ತದೆ.

ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಇರುವ ಪ್ರಾಣಿ ನಿಜಕ್ಕೂ ಇತ್ತು, ಅದರ ಹೆಸರು ಡೈಮೆಟ್ರೊಡಾನ್. ಅದು ಡೈನೋಸಾರ್ ಅಲ್ಲವೇ ಅಲ್ಲ. ಮೊದಲ ಡೈನೋಸಾರ್ ಹುಟ್ಟುವ ಕೋಟಿಗಟ್ಟಲೆ ವರ್ಷ ಮೊದಲೇ ಅದು ಹೋಗಿತ್ತು. ವಂಶವೃಕ್ಷದಲ್ಲಿ ಅದು ಡೈನೋಸಾರ್‌ಗಿಂತ ನಮಗೇ, ಅಂದರೆ ಹಸು, ಬೆಕ್ಕು, ಮನುಷ್ಯರಿಗೇ ಹತ್ತಿರದ ನೆಂಟ. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಸರಿ, ಹಲ್ಲಿಯನ್ನು ದೊಡ್ಡದಾಗಿ ತೋರಿಸಿದರೆ ಅದು ದೊಡ್ಡದಾಗಿ ಯಾಕೆ ಕಾಣುವುದಿಲ್ಲ? ಖಣಿಗೆ ಬಿದ್ದ ಕಲ್ಲಿಗೆ ಮತ್ತೆ ಬನ್ನಿ. ದೊಡ್ಡ ವಸ್ತು ಬೀಳಲು, ತೂಗಲು, ಹೆಜ್ಜೆ ಇಡಲು ಜಾಸ್ತಿ ಹೊತ್ತು ಬೇಕು. ಎಷ್ಟು ಜಾಸ್ತಿ ಅಂದರೆ ಅಳತೆಯ ವರ್ಗಮೂಲದಷ್ಟು. ಒಂದು ಮೀಟರ್ ಉದ್ದದ ಹಲ್ಲಿ 16 ಮೀಟರ್ ಇದೆ ಅಂತ ನಂಬಿಸಬೇಕಾದರೆ ಅದರ ಚಲನೆಯನ್ನು 4 ಪಟ್ಟು ನಿಧಾನ ಮಾಡಬೇಕು. ಸೆಕೆಂಡಿಗೆ 24ರ ಬದಲು 96 ಚಿತ್ರ ತೆಗೆದು, ಮಾಮೂಲಿ ವೇಗದಲ್ಲಿ ತೋರಿಸಬೇಕು. ಫಿಲ್ಮ್ ರೀಲಿನ ಕಾಲದಲ್ಲಿ ಹಾಗೆ ಮಾಡಿದರೆ ರೀಲು 4 ಪಟ್ಟು ಖರ್ಚು. ದುಡ್ಡು ಕಮ್ಮಿ ಇದ್ದವರು ಅಲ್ಲಿ ಕೈ ಬಿಗಿ ಹಿಡಿದರೆ ತೆರೆಯ ಮೇಲೆ ಹಲ್ಲಿ ಹಲ್ಲಿಯ ಹಾಗೆಯೇ ಸರಕ್ಕನೆ ತಿರುಗಿಬಿಡುತ್ತದೆ.

ಇನ್ನೊಂದು ಗುಟ್ಟು ಕಾಲಿನಲ್ಲಿದೆ. ಹಲ್ಲಿಯ ಕಾಲು ಮೈಯ ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ನಾವು ನೆಲಕ್ಕೆ ಕೈ ಊರಿ ದಂಡ ಹೊಡೆಯುವಾಗ ಮೊಣಕೈ ಹೊರಗೆ ಬರುವ ಹಾಗೆ. ಡೈನೋಸಾರ್‌ನ ಕಾಲು ಕಂಬದ ಹಾಗೆ ಮೈಯ ನೇರ ಕೆಳಗೆ ಇತ್ತು. ಇದು ಸುಮ್ನೆ ನೋಟದ ವಿಷಯ ಅಲ್ಲ. ಹಲ್ಲಿ ಓಡುವಾಗ ಮೈ ಎಡಕ್ಕೂ ಬಲಕ್ಕೂ ಬಳುಕುತ್ತದೆ. ಬಳುಕಿದಾಗಲೆಲ್ಲ ಒಂದು ಕಡೆಯ ಶ್ವಾಸಕೋಶ ಒತ್ತಿಕೊಳ್ಳುತ್ತದೆ, ಹಾಗಾಗಿ ಬಹಳಷ್ಟು ಹಲ್ಲಿಗಳಿಗೆ ಜೋರಾಗಿ ಓಡುತ್ತಾ ಚೆನ್ನಾಗಿ ಉಸಿರಾಡುವುದು ಆಗುವುದಿಲ್ಲ. ನಮ್ಮ ಬೇಲಿ ಮೇಲಿನ ಓತಿಕ್ಯಾತವನ್ನು ನೋಡಿ, ಸರ್ರನೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ. ಕಾಲು ಮೈ ಕೆಳಗೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು.

ಭಾರದ ಲೆಕ್ಕವೂ ಇದಕ್ಕೇ ಸೇರಿದ್ದು. ಶೇಂಗಾ ಉಂಡೆಯನ್ನು ಅಗಲದಲ್ಲಿ ಎರಡು ಪಟ್ಟು ಮಾಡಿ, ಎಂಟು ಉಂಡೆಗೆ ಆಗುವಷ್ಟು ಶೇಂಗಾ ಬೇಕಾಗುತ್ತದೆ. ಪ್ರಾಣಿಯೂ ಹಾಗೆ. ಎಲ್ಲ ಅಳತೆಯನ್ನು 10 ಪಟ್ಟು ಮಾಡಿದರೆ ಭಾರ 1000 ಪಟ್ಟು, ಮೂಳೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಹರವು 100 ಪಟ್ಟು ಮಾತ್ರ. ಅಂದರೆ ಮೂಳೆಯ ಪ್ರತಿ ಚದರ ಸೆಂಟಿಮೀಟರ್ 10 ಪಟ್ಟು ಭಾರ ಹೊರಬೇಕು. ಗೆಲಿಲಿಯೋ 1638ರಲ್ಲೇ ಇದನ್ನು ಬರೆದು, ದೊಡ್ಡ ಪ್ರಾಣಿಯ ಮೂಳೆ ಹೇಗೆ ದಪ್ಪ ಆಗಬೇಕು ಅಂತ ಚಿತ್ರ ಕೂಡ ಹಾಕಿದ್ದ. ಕಾಲು ಪಕ್ಕಕ್ಕೆ ಚಾಚಿದ 16 ಮೀಟರ್ ಹಲ್ಲಿ ಎದ್ದು ನಿಲ್ಲುವುದೇ ಕಷ್ಟ.

ಇದನ್ನು ಕಣ್ಣಾರೆ ನೋಡಬೇಕಾದರೆ ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ, ನಾಲ್ಕೈದು ತಾಸಿನ ದಾರಿ. ಅಲ್ಲಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಾಸಾರಸ್ ಅನ್ನುವ ಡೈನೋಸಾರ್‌ನ ಅಸ್ಥಿಪಂಜರ ನಿಂತಿದೆ. ಆದಿಲಾಬಾದ್ ಸೀಮೆಯ ಯಾಮನ್‌ಪಲ್ಲಿ ಹತ್ತಿರ ಸಿಕ್ಕ ಮೂಳೆಗಳು ಅವು, ಸುಮಾರು 18 ಕೋಟಿ ವರ್ಷ ಹಳೆಯವು. ನಾನು ಹೋದಾಗ ತಲೆಯ ಕಡೆ ನೋಡಲೇ ಇಲ್ಲ, ಕಾಲಿನ ಹತ್ತಿರವೇ ನಿಂತುಬಿಟ್ಟೆ. ಗುಡಿಯ ಕಂಬದ ಹಾಗೆ ನೇರ. ಚಿಕ್ಕಂದಿನಿಂದ ಸಿನಿಮಾದ ಹಲ್ಲಿ ನೋಡಿ ಬೆಳೆದ ಕಣ್ಣಿಗೆ ಏನು ಬದಲಾಗಿದೆ ಅಂತ ಆ ಒಂದು ಕ್ಷಣದಲ್ಲಿ ತಿಳಿಯಿತು.

ನೀರನ್ನು ಮಾತ್ರ ಯಾರಿಂದಲೂ ಬಗ್ಗಿಸಲು ಆಗಲಿಲ್ಲ. ತೊಟ್ಟಿಯಲ್ಲಿ ಆಟಿಕೆ ಹಡಗು ಬಿಟ್ಟು ಸಮುದ್ರ ಅಂತ ತೋರಿಸಿದರೆ ನೀರಿನ ಹನಿ ಗುಟ್ಟು ಬಿಟ್ಟುಕೊಡುತ್ತದೆ. ಹನಿಯ ಗಾತ್ರ ನೀರಿನ ಸ್ವಂತ ಎಳೆತದಿಂದ ತೀರ್ಮಾನವಾಗುವುದು, ಹಡಗು ಸಣ್ಣದಾಯಿತು ಅಂತ ಹನಿ ಸಣ್ಣದಾಗುವುದಿಲ್ಲ. ಹಾಗಾಗಿ ಹಡಗಿನ ಮೇಲೆ ಕುಂಬಳಕಾಯಿ ಗಾತ್ರದ ಹನಿಗಳು ಸಿಡಿದ ಹಾಗೆ ಕಾಣುತ್ತವೆ.

ಇನ್ನು ವೇಷದವರು. ರಬ್ಬರ್ ಅಂಗಿ ತೊಟ್ಟ ಮನುಷ್ಯ ನೆಟ್ಟಗೆ ನಿಂತು, ಬಾಲ ಎಳೆದುಕೊಂಡು ಬರುತ್ತಾನೆ. ಆ ಕಾಲದ ಪುಸ್ತಕಗಳಲ್ಲೂ ಡೈನೋಸಾರ್ ಹೀಗೆಯೇ ಇತ್ತು, ತಪ್ಪು ಸಿನಿಮಾದವರದು ಮಾತ್ರ ಅಲ್ಲ. ಆದರೆ ಡೈನೋಸಾರ್ ಹೆಜ್ಜೆಗುರುತುಗಳು ಸಾವಿರಗಟ್ಟಲೆ ಸಿಕ್ಕರೂ ಅವುಗಳ ನಡುವೆ ಬಾಲ ಎಳೆದ ಗೆರೆ ಬಲು ಅಪರೂಪ. ಮೈ ತಕ್ಕಡಿಯ ಹಾಗೆ ಅಡ್ಡ ಇತ್ತು, ಒಂದು ಕಡೆ ತಲೆ, ಇನ್ನೊಂದು ಕಡೆ ಬಾಲ, ನಡುವೆ ಕಾಲು.

ಇಲ್ಲಿಂದ ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಪಕ್ಷಿಗಳು ಡೈನೋಸಾರ್ ವಂಶದವೇ, ಆದರೆ ಅವುಗಳ ಉದ್ದ ಬಾಲ ಹೋಗಿದೆ. ಬಾಲ ಇದ್ದಾಗ ಹೇಗೆ ನಡೆಯುತ್ತಿದ್ದವು ಅಂತ ತಿಳಿಯಲು ಚಿಲಿ ದೇಶದ ವಿಜ್ಞಾನಿಗಳು ಕೋಳಿಗಳಿಗೆ ಕಟ್ಟಿಗೆಯ ಬಾಲ ಕಟ್ಟಿದರು. ಮರಿಯಾಗಿದ್ದಾಗಿಂದಲೇ ಕಟ್ಟಿ, ಬೆಳೆದ ಹಾಗೆ ದೊಡ್ಡದನ್ನು ಹಾಕುತ್ತಾ ಹೋದರು. ಮಾಮೂಲಿ ಕೋಳಿ ತೊಡೆಯನ್ನು ಮುಂದಕ್ಕೆ ಮಡಚಿ ಮೊಣಕಾಲಿನಿಂದ ನಡೆಯುತ್ತದೆ. ಬಾಲ ಕಟ್ಟಿದ ಕೋಳಿಯ ತೊಡೆ ಇನ್ನಷ್ಟು ನೇರವಾಯಿತು, ಹೆಜ್ಜೆ ಸೊಂಟದಿಂದ ಬರತೊಡಗಿತು. 2014ರಲ್ಲಿ ಇದು ಪ್ರಕಟವಾಯಿತು. ಹಲ್ಲಿಗೆ ರೆಕ್ಕೆ ಅಂಟಿಸಿದ ಸಿನಿಮಾದವರ ಉಪಾಯವೇ ಇದು, ಅಲ್ವಾ? ಅದೇ ಅಗ್ಗದ ಸಾಮಾನು, ಅದೇ ವೇಷ. ಪ್ರಾಣಿಯ ಆಯ್ಕೆ ಮಾತ್ರ ಸರಿಯಾಯಿತು.

ಕೊನೆಯಲ್ಲಿ ಸಿಡಿಯುವ ಜ್ವಾಲಾಮುಖಿಯ ಬಗ್ಗೆ ಹೇಳದಿದ್ದರೆ ನಮ್ಮ ನೆಲಕ್ಕೆ ಅನ್ಯಾಯ ಮಾಡಿದ ಹಾಗೆ. 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್ ಕಾಲ ಮುಗಿಯುವ ಆಸುಪಾಸಿನಲ್ಲೇ, ದಖ್ಖನ್ನಿನಲ್ಲಿ ನೆಲ ಬಿರಿದು ಲಾವಾ ಹರಿಯಿತು. ಸಿನಿಮಾದ ಚೂಪು ಗುಡ್ಡದ ಹಾಗಲ್ಲ, ಉದ್ದುದ್ದ ಬಿರುಕುಗಳಿಂದ, ಪದರದ ಮೇಲೆ ಪದರ. ಡೈನೋಸಾರ್‌ಗಳನ್ನು ಮುಗಿಸಿದ್ದು ಮೆಕ್ಸಿಕೋ ಹತ್ತಿರ ಬಿದ್ದ ಸುಮಾರು 10 ಕಿಲೋಮೀಟರ್ ಅಗಲದ ಆಕಾಶಕಲ್ಲು ಅನ್ನುವುದೇ ಈಗ ಹೆಚ್ಚು ಜನ ಒಪ್ಪುವ ಮಾತು, ಲಾವಾದ ಪಾಲು ಎಷ್ಟು ಅನ್ನುವ ವಾದ ಇನ್ನೂ ನಡೆದಿದೆ. ಆ ಲಾವಾ ಹಾಸಿನ ಅಂಚು ಇರುವುದು ನಮ್ಮಲ್ಲೇ. ಆಳಂದದ ಕಡೆ ತೊಗರಿ ಬೆಳೆಯುವ ಕಪ್ಪು ಮಣ್ಣು ಅದೇ ಕಲ್ಲು ಪುಡಿಯಾಗಿ ಆದದ್ದು. ಬೀದರ ಕೋಟೆಯ ಕೆಂಪು ಕಲ್ಲು ಕೂಡ ಅದೇ ಲಾವಾ ಬಿಸಿಲು ಮಳೆಗೆ ಕೊಳೆತು ಹುಟ್ಟಿದ್ದು. ಶಹಾಬಾದ್ ಫರಸಿಯಲ್ಲಿ ಡೈನೋಸಾರ್ ಹುಡುಕಬೇಡಿ, ಅದು ಯಾವ ಪ್ರಾಣಿಗೂ ಮೂಳೆ ಬರುವ ಮೊದಲಿನ ಸಮುದ್ರದ ತಳ. ಹುಡುಕಬೇಕಾದದ್ದು ಲಾವಾದ ಎರಡು ಪದರಗಳ ನಡುವೆ. ಒಂದು ಹರಿವು ಆರಿ ಇನ್ನೊಂದು ಬರುವವರೆಗೆ ಸಾಕಷ್ಟು ಬಿಡುವು ಇರುತ್ತಿತ್ತು, ಕೆರೆ ಹುಟ್ಟುತ್ತಿತ್ತು, ಗಿಡ ಬೆಳೆಯುತ್ತಿತ್ತು. ಗುರುಮಠಕಲ್ ಕಡೆ ಇಂಥ ಪದರಗಳಲ್ಲಿ ಸಿಹಿನೀರಿನಲ್ಲಿ ಬಾಳಿದ ಆಸ್ಟ್ರಕೋಡ್ ಅನ್ನುವ ಪುಟ್ಟ ಚಿಪ್ಪುಜೀವಿಗಳ ಪಳೆಯುಳಿಕೆ ಸಿಕ್ಕಿವೆ. ಸುತ್ತ ಲಾವಾ, ನಡುವೆ ಒಂದು ಕೆರೆ. ಯಾವ ಸಿನಿಮಾದ ಗುಡ್ಡಕ್ಕಿಂತಲೂ ಇದು ನನ್ನನ್ನು ಜಾಸ್ತಿ ಎಳೆಯುತ್ತದೆ.

ಹೋದ ತಿಂಗಳು ಅಣ್ಣನ ಮಗನ ಜೊತೆ ಕುಳಿತು ಹಳೆಯ ಸಿನಿಮಾ ಒಂದನ್ನು ನೋಡಿ, ಸಂಜೆ ಹಿತ್ತಲಿಗೆ ಹೋದೆವು. ಫೋನನ್ನು ನೆಲದ ಮೇಲೆ ಇಟ್ಟು, ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 120 ಚಿತ್ರದಂತೆ ನಮ್ಮ ಜವಾರಿ ಕೋಳಿಯನ್ನು ಹಿಡಿದೆವು. ಬಾಲ ಗೀಲ ಏನೂ ಕಟ್ಟಲಿಲ್ಲ. 30ರ ವೇಗದಲ್ಲಿ ತೋರಿಸಿದರೆ 4 ಪಟ್ಟು ನಿಧಾನ, ಅಂದರೆ ಕಣ್ಣಿಗೆ 16 ಪಟ್ಟು ದೊಡ್ಡದು, ಏಳು ಮೀಟರಿನ ಪ್ರಾಣಿ. ಕೋಳಿ ಒಂದು ಕಾಲೆತ್ತಿತು, ಬೆರಳುಗಳನ್ನು ಮಡಚಿ ಗಾಳಿಯಲ್ಲಿ ತಂದಿತು, ಮತ್ತೆ ಅಗಲಿಸಿ ಮಣ್ಣಿನ ಮೇಲೆ ಇಟ್ಟಿತು, ಭಾರ ನಿಧಾನಕ್ಕೆ ಅದರ ಮೇಲೆ ಇಳಿಯಿತು. ಆಮೇಲೆ ತಲೆ ತಿರುಗಿಸಿ ಕ್ಯಾಮೆರಾ ನೋಡಿತು. ಹುಡುಗ ಫೋನನ್ನು ಮುಖದಿಂದ ದೂರ ಹಿಡಿದ.