ಪದ ಪರಿಚಯ: ಮರುಪ್ರಶ್ನೆ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಟಿವಿ ಚರ್ಚೆಗಳಲ್ಲಿ ‘ಫಾಲೋ-ಅಪ್’ ಎಂದು ಕರೆಯುವುದೇ ಮರುಪ್ರಶ್ನೆ. ಅಭ್ಯರ್ಥಿ ಉತ್ತರ ಕೊಡದೆ ಜಾರಿಕೊಂಡಾಗ, ಇಲ್ಲವೇ ಉತ್ತರದಲ್ಲಿ ಮುಖ್ಯವಾದದ್ದೇ ಇಲ್ಲದಿದ್ದಾಗ, ನಿರೂಪಕರು ಅದೇ ಎಳೆ ಹಿಡಿದು ಕೇಳುವ ಎರಡನೆಯ ಪ್ರಶ್ನೆ. ಹೊಸ ವಿಷಯ ಎತ್ತಿದರೆ ಅದು ಮರುಪ್ರಶ್ನೆಯಲ್ಲ. ಕೋರ್ಟಿನ ಪಾಟೀಸವಾಲಿನ ಹಾಗೂ ಅಲ್ಲ: ಪಾಟೀಸವಾಲು ಹಾಕುವವರು ಎದುರು ಪಕ್ಷದ ವಕೀಲರು, ಇಲ್ಲಿ ಕೇಳುವವರು ಯಾರ ಕಡೆಯವರೂ ಆಗಿರಬಾರದು.

ಮರುಪ್ರಶ್ನೆ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದು 2024ರ ಸೆಪ್ಟೆಂಬರ್ 10ರಂದು ಎಬಿಸಿ ವಾಹಿನಿ ನಡೆಸಿದ ಚರ್ಚೆಯಲ್ಲೇ ಕಂಡಿತು. ಜನರ ಆರ್ಥಿಕ ಸ್ಥಿತಿ ನಾಲ್ಕು ವರ್ಷದ ಹಿಂದಿಗಿಂತ ಉತ್ತಮವಾಗಿದೆಯೇ ಎಂದು ನಿರೂಪಕ ಡೇವಿಡ್ ಮ್ಯೂರ್ ಮೊದಲಿಗೇ ಕೇಳಿದರು. ಕಮಲಾ ಹ್ಯಾರಿಸ್ ಮಧ್ಯಮ ವರ್ಗದಲ್ಲಿ ಬೆಳೆದದ್ದನ್ನೂ ತಮ್ಮ ಯೋಜನೆಗಳನ್ನೂ ಹೇಳಿದರೇ ಹೊರತು ಹೌದು ಅಥವಾ ಇಲ್ಲ ಎನ್ನಲಿಲ್ಲ. ಮಾತು ಟ್ರಂಪ್ ಅವರ ಕಡೆ ಹೊರಳಿತು, ಪ್ರಶ್ನೆ ಅಲ್ಲೇ ಉಳಿಯಿತು. ಅದೇ ರಾತ್ರಿ ಆರೋಗ್ಯ ವಿಮೆಯ ಬಗ್ಗೆ ಡೊನಾಲ್ಡ್ ಟ್ರಂಪ್ ಸುತ್ತಿ ಬಳಸಿ ಮಾತಾಡಿದಾಗ ಇನ್ನೊಬ್ಬ ನಿರೂಪಕಿ ಲಿನ್ಸಿ ಡೇವಿಸ್ ಬಿಡಲಿಲ್ಲ: ಹಾಗಾದರೆ ಇನ್ನೂ ನಿಮ್ಮ ಬಳಿ ಯೋಜನೆ ಇಲ್ಲವೇ? ತಮ್ಮ ಬಳಿ ಯೋಜನೆಯೊಂದರ ಪರಿಕಲ್ಪನೆಗಳಿವೆ ಎಂಬ ಉತ್ತರ ಆಗಲೇ ಹೊರಬಂದದ್ದು. ಮತದಾರರಿಗೆ ಉಪಯೋಗಕ್ಕೆ ಬಂದದ್ದು ಆ ಎರಡನೆಯ ಉತ್ತರ.

ಕಾರಣ ಸರಳ. ಎರಡು ನಿಮಿಷದ ಭಾಷಣವನ್ನು ಅಭ್ಯರ್ಥಿಗಳು ವಿಷಯವಾರು ಬಾಯಿಪಾಠ ಮಾಡಿ ಬಂದಿರುತ್ತಾರೆ. ‘ಆರ್ಥಿಕತೆ’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಅದು ಶುರುವಾಗುತ್ತದೆ. ಆಗಷ್ಟೇ ಆಡಿದ ಮಾತಿನ ಮೇಲೆ ಬರುವ ಪ್ರಶ್ನೆಗೆ ಬಾಯಿಪಾಠ ಮಾಡುವುದು ಕಷ್ಟ. ಅಭ್ಯರ್ಥಿಗಳ ತಂಡಗಳಿಗೂ ಇದು ಚೆನ್ನಾಗಿ ಗೊತ್ತು. 2004ರಲ್ಲಿ ಅಭ್ಯರ್ಥಿಗಳಾಗಿದ್ದ ಬುಷ್ ಮತ್ತು ಕೆರ್ರಿ ಅವರ ತಂಡಗಳು ಮಾಡಿಕೊಂಡ 32 ಪುಟಗಳ ಒಪ್ಪಂದದಲ್ಲಿ ಅಭ್ಯರ್ಥಿಗಳು ಒಬ್ಬರನ್ನೊಬ್ಬರು ನೇರವಾಗಿ ಪ್ರಶ್ನಿಸುವಂತಿರಲಿಲ್ಲ. ಸಭಿಕರೇ ಪ್ರಶ್ನೆ ಕೇಳುವ ಚರ್ಚೆಯಲ್ಲಿ ಅವರಿಗೆ ಮರುಪ್ರಶ್ನೆಯ ಅವಕಾಶವೂ ಇರಲಿಲ್ಲ.

ಸಮಯ ಕೊಟ್ಟರಷ್ಟೇ ಸಾಲದು. 2012ರ ಅಕ್ಟೋಬರ್ 3ರಂದು ಡೆನ್ವರ್‌ನಲ್ಲಿ ನಡೆದ ಚರ್ಚೆಯ 90 ನಿಮಿಷವನ್ನು 15 ನಿಮಿಷದ ಆರು ಭಾಗ ಮಾಡಿದ್ದರು. ಇಬ್ಬರು ಅಭ್ಯರ್ಥಿಗಳ ತಲಾ ಎರಡು ನಿಮಿಷ ಕಳೆದರೆ ಪ್ರತಿ ಭಾಗದಲ್ಲೂ 11 ನಿಮಿಷ ಮುಕ್ತ ಚರ್ಚೆಗೆ ಉಳಿಯಬೇಕು. ಲೆಕ್ಕ ಒಳ್ಳೆಯದೇ. ಆದರೆ ನಿರೂಪಕ ಜಿಮ್ ಲೆಹ್ರರ್ ಅವರ ಹಿಡಿತ ಸಡಿಲವಾಗಿ, ಕೊನೆಯ ವಿಷಯಕ್ಕೆ ಉಳಿದದ್ದು ಮೂರು ನಿಮಿಷ.

ಒಳ್ಳೆಯ ಮರುಪ್ರಶ್ನೆ ಒಂದೇ ವಾಕ್ಯದಲ್ಲಿರುತ್ತದೆ, ಒಂದೇ ಅಂಶ ಕೇಳುತ್ತದೆ. ‘ಎಷ್ಟು ಖರ್ಚು, ಯಾವಾಗಿನಿಂದ, ಯಾರ ತೆರಿಗೆ’ ಎಂದು ಮೂರನ್ನೂ ಒಟ್ಟಿಗೆ ಕೇಳಿದರೆ ಅಭ್ಯರ್ಥಿ ತನಗೆ ಸುಲಭವಾದದ್ದನ್ನು ಆರಿಸಿಕೊಳ್ಳುತ್ತಾನೆ. ‘ಎಷ್ಟು ಖರ್ಚು?’ ಎಂದು ಕೇಳಿ ನಿಲ್ಲಿಸಬೇಕು. ಪ್ರತಿ ಮುಖ್ಯ ಪ್ರಶ್ನೆಗೂ, ಅಭ್ಯರ್ಥಿ ಜಾರಿಕೊಳ್ಳಬಹುದಾದ ಎರಡು ಮೂರು ದಾರಿಗಳನ್ನು ಊಹಿಸಿ ಮರುಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಹಾಗೆ ಬರೆದದ್ದನ್ನು ಬಿಟ್ಟು, ಕೇಳಿಸಿಕೊಂಡ ಮಾತಿನಿಂದಲೇ ಕೇಳುವ ಧೈರ್ಯವೂ ಬೇಕು. ಇಬ್ಬರಿಗೂ ಒಂದೇ ಅಳತೆಯಲ್ಲಿ ಕೇಳದಿದ್ದರೆ ನಿರೂಪಕರೇ ಪಕ್ಷ ವಹಿಸಿದಂತೆ ಕಾಣುತ್ತದೆ.

ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದೂ ತಪ್ಪಲ್ಲ. 2024ರ ಜೂನ್ 27ರ ಸಿಎನ್‌ಎನ್ ಚರ್ಚೆಯಲ್ಲಿ ಚುನಾವಣೆಯ ಫಲಿತಾಂಶ ಒಪ್ಪುತ್ತೀರಾ ಎಂದು ನಿರೂಪಕಿ ಡೇನಾ ಬ್ಯಾಶ್ ಟ್ರಂಪ್ ಅವರನ್ನು ಮೂರು ಸಲ ಕೇಳಿದರು. ನ್ಯಾಯವಾದ ಚುನಾವಣೆಯಾದರೆ ಒಪ್ಪುತ್ತೇನೆ ಎಂಬ ಷರತ್ತು ಬಾಯಿಗೆ ಬಂದದ್ದು ಕೊನೆಯ ಸಲ.