ರೊಸೇಶಿಯಾ ಕ್ರೀಮ್ ಅಂದರೆ ಯಾವುದು?

ರೊಸೇಶಿಯಾ ಅಂದರೆ ಮುಖ ಕೆಂಪಾಗಿ ಉರಿಯುವ, ಗುಳ್ಳೆ ಏಳುವ ಚರ್ಮದ ಕಾಯಿಲೆ. "ಎರಡೇ ದಿನಕ್ಕೆ ಕೆಂಪು ಪೂರ್ತಿ ಹೋಯ್ತು, ಸೂಪರ್ ರೊಸೇಶಿಯಾ ಕ್ರೀಮ್" ಅಂತ ಒಬ್ಬರು ನನಗೆ ಟ್ಯೂಬಿನ ಫೋಟೋ ಕಳಿಸಿದ್ದಾರೆ. ಹಿಗ್ಗಿಸಿ ನೋಡಿದೆ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬೆಟಾಮೆಥಾಸೋನ್, ಅಂದರೆ ಉರಿಯೂತ ಅದುಮುವ ಸ್ಟೀರಾಯ್ಡ್ ಔಷಧಿ. ಅದು ರೊಸೇಶಿಯಾ ವಾಸಿಮಾಡುವ ಕ್ರೀಮ್ ಅಲ್ಲ, ತರಿಸುವ ಕ್ರೀಮ್.

ಕೆನ್ನೆ ಉರಿಯುವುದು, ಮೂಗಿನ ಅಕ್ಕಪಕ್ಕ ಗುಳ್ಳೆ ಏಳುವುದು, ಬಿಸಿಲಿಗೆ ಹೋದರೆ ಜಾಸ್ತಿಯಾಗುವುದು, ಇವು ರೊಸೇಶಿಯಾದ ಲಕ್ಷಣಗಳು. ಗೋಜಲು ಇರುವುದು ಹೆಸರಿನಲ್ಲಿ. ಲ್ಯಾಟಿನ್ನಿನಲ್ಲಿ ರೋಸಾ ಅಂದರೆ ಗುಲಾಬಿ, ರೊಸೇಶಿಯಾ ಅಂದರೆ ಗುಲಾಬಿ ಬಣ್ಣದ್ದು. ಹಳೆಯ ಪೂರ್ತಿ ಹೆಸರು ಅಕ್ನೆ ರೊಸೇಶಿಯಾ, ಅಂದರೆ ಗುಲಾಬಿ ಬಣ್ಣದ ಮೊಡವೆ. ಈ ಎರಡು ಪದಗಳೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಬಿಳಿ ಚರ್ಮದವರಲ್ಲಿ ಕಾಣುವ ಆ ಗುಲಾಬಿ ನಮ್ಮ ಎಣ್ಣೆಗಪ್ಪು, ಗೋಧಿ ಬಣ್ಣದ ಮುಖದಲ್ಲಿ ಅಷ್ಟಾಗಿ ಕಾಣುವುದೇ ಇಲ್ಲ. ಕೆನ್ನೆ ಸ್ವಲ್ಪ ಕಂದಿದ ಹಾಗೆ ಕಾಣಬಹುದು, ಉರಿ ಇರಬಹುದು, ಸೋಪು ಹಾಕಿದರೆ ಚುರುಚುರು ಅನ್ನಬಹುದು, ಅಷ್ಟೇ. ಹಾಗಾಗಿ ಅದು "ಅಲರ್ಜಿ" ಆಗುತ್ತದೆ, ಇಲ್ಲವೇ "ಸುಮ್ನೆ ಹೀಟು" ಆಗುತ್ತದೆ.

ಇನ್ನು ಅಕ್ನೆ. ಗುಳ್ಳೆ ಕಂಡ ಕೂಡಲೇ ಮೊಡವೆ ಅಂದುಕೊಂಡು ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್, ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್, ಅದೂ ಸಾಲದು ಅಂತ ನಿಂಬೆರಸ, ಸ್ಕ್ರಬ್ಬು. ಮೊದಲೇ ಉರಿಯುತ್ತಿರುವ ಕೆನ್ನೆಗೆ ಇದೆಲ್ಲ ಬೇಕಾ? ಕಿಟಕಿ ಬೆಳಕಿನಲ್ಲಿ ಕನ್ನಡಿ ಹಿಡಿದು ಗುಳ್ಳೆಗಳ ನಡುವಿನ ಚರ್ಮ ನೋಡಿ. ಮೊಡವೆಯಾದರೆ ಅಲ್ಲಲ್ಲಿ ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಇರುತ್ತವೆ. ರೊಸೇಶಿಯಾದಲ್ಲಿ ಅವು ಇರುವುದಿಲ್ಲ. ಸಾಮಾನ್ಯವಾಗಿ ಮೂವತ್ತು ದಾಟಿದ ಮೇಲೆ ಶುರುವಾಗುವ ಕಾಯಿಲೆ ಇದು. ಕೆಲವರಿಗೆ ಎರಡೂ ಒಟ್ಟಿಗೇ ಇರುತ್ತವೆ, ಆದ್ದರಿಂದ ಕೊನೆಗೆ ಹೇಳಬೇಕಾದವರು ಚರ್ಮದ ಡಾಕ್ಟರೇ.

ಸ್ಟೀರಾಯ್ಡ್ ವಿಷಯದಲ್ಲಿ ಮಾತ್ರ ನನಗೆ ತಾಳ್ಮೆ ಕಡಿಮೆ. ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅದಕ್ಕೇ ಎರಡು ದಿನದಲ್ಲಿ ಕೆಂಪು ಮಾಯ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ನಾಳಗಳು ಎದ್ದು ಕಾಣುತ್ತವೆ. ನಿಲ್ಲಿಸಿದರೆ ಮುಖ ಮೊದಲಿಗಿಂತ ಜೋರಾಗಿ ಉರಿಯುತ್ತದೆ. "ನೋಡಿ, ಇದು ಹಚ್ಚದಿದ್ದರೆ ಆಗೋದೇ ಇಲ್ಲ" ಅಂತ ಮತ್ತೆ ಅದೇ ಟ್ಯೂಬ್. ಮುಖದ ಮೇಲಿನ ಬಂಗಿಗೆ, ಹುಳುಕಡ್ಡಿಗೆ, ಬೆಳ್ಳಗಾಗಲಿಕ್ಕೆ ಅಂತ ಮೆಡಿಕಲ್ ಶಾಪಿನಲ್ಲಿ ಕೈಗೆ ಕೊಡುವ ಮಿಶ್ರಣದ ಕ್ರೀಮುಗಳಲ್ಲೂ ಇದೇ ಕೂತಿರುತ್ತದೆ. 2018ರಲ್ಲೇ ಹಚ್ಚುವ ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕೇಳಿದರೆ ಕೊಡುತ್ತಾರೆ ಅನ್ನುವುದು ಬೇರೆ ಮಾತು.

ಟ್ಯೂಬ್ ತಿರುಗಿಸಿ ಸಣ್ಣಕ್ಷರ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್, ಫ್ಲುಯೊಸಿನೊಲೋನ್, ಇವೆಲ್ಲ ಸ್ಟೀರಾಯ್ಡ್. ಮೆಟ್ರೊನಿಡಜೋಲ್ ಮಾತ್ರ ಆ ಪೈಕಿ ಅಲ್ಲ. ಕ್ಲೊಬೆಟಾಸಾಲ್ ಕೇಳಿ ಹೆದರಿದವರು ಮೆಟ್ರೊನಿಡಜೋಲ್ ಜೆಲ್ಲನ್ನೂ ಎಸೆಯುವುದುಂಟು, ಅದು ರೊಸೇಶಿಯಾದ ಹಳೆಯ, ನಂಬಿಕಸ್ಥ ಔಷಧಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದವರು ಇದನ್ನು ಓದಿ ಇವತ್ತೇ ಪಟ್ಟಂತ ನಿಲ್ಲಿಸುವ ಬದಲು ಬೇಗ ಡಾಕ್ಟರಿಗೆ ಟ್ಯೂಬ್ ತೋರಿಸಿ. ಹೇಗೆ ಬಿಡಿಸಬೇಕು ಅಂತ ಅವರು ಹೇಳುತ್ತಾರೆ.

ಹಾಗಾದರೆ ನಿಜವಾದ ರೊಸೇಶಿಯಾ ಕ್ರೀಮ್ ಯಾವುದು? ಗುಳ್ಳೆಗೆ ಹೆಚ್ಚಾಗಿ ಮೆಟ್ರೊನಿಡಜೋಲ್, 15 ಪರ್ಸೆಂಟ್ ಅಜೆಲೈಕ್ ಆಸಿಡ್ ಜೆಲ್, ಇಲ್ಲವೇ 1 ಪರ್ಸೆಂಟ್ ಐವರ್ಮೆಕ್ಟಿನ್. ಹೌದು, ಕಜ್ಜಿಗೂ ಜಂತುಹುಳುವಿಗೂ ಕೊಡುವ ಅದೇ ಐವರ್ಮೆಕ್ಟಿನ್. ಎಲ್ಲರ ಮುಖದಲ್ಲೂ ಡೆಮೊಡೆಕ್ಸ್ ಅನ್ನುವ ಕಣ್ಣಿಗೆ ಕಾಣದ ಹುಳ ಇರುತ್ತದೆ, ರೊಸೇಶಿಯಾ ಇರುವವರಲ್ಲಿ ಜಾಸ್ತಿ. ಕ್ರೀಮ್ ಅದನ್ನು ಕೊಲ್ಲುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ಮನೆಯಲ್ಲಿ ಮಾತ್ರೆ ಉಳಿದಿದೆ ಅಂತ ನುಂಗಲು ಹೋಗಬೇಡಿ.

ಐವರ್ಮೆಕ್ಟಿನ್ ಕ್ರೀಮ್ ದಿನಕ್ಕೆ ಒಂದೇ ಸಲ. ಹಣೆ, ಗದ್ದ, ಮೂಗು, ಎರಡು ಕೆನ್ನೆ, ಒಂದೊಂದಕ್ಕೆ ಬಟಾಣಿ ಕಾಳಿನಷ್ಟು, ತೆಳ್ಳಗೆ. ಗುಳ್ಳೆ ಇರುವ ಕಡೆ ಮಾತ್ರ ಚುಕ್ಕಿ ಇಟ್ಟರೆ ಸಾಲದು. ಕಣ್ಣು, ತುಟಿ ಬಿಡಿ. ಮುಖ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಿ. ಒದ್ದೆ ಮುಖಕ್ಕೆ ಹಚ್ಚಿ "ಉರಿಯುತ್ತೆ" ಅಂದರೆ ಏನು ಹೇಳುವುದು! ಅಜೆಲೈಕ್ ಆಸಿಡ್ ಮೊದಲ ಕೆಲವು ವಾರ ಸ್ವಲ್ಪ ಚುರುಗುಟ್ಟುತ್ತದೆ, ಅದು ಮಾಮೂಲು. ಮುಖ ಊದಿದರೆ, ಸಿಪ್ಪೆ ಏಳುವಷ್ಟು ಆದರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಚೀಟಿ ಬರೆಯುವ ಮುಂಚೆಯೇ ಹೇಳಿ. ಫಲ ಸರಿಯಾಗಿ ಕಾಣಲಿಕ್ಕೆ ಎಂಟರಿಂದ ಹನ್ನೆರಡು ವಾರ ಬೇಕು. ಬೆಳಗ್ಗೆ ಸನ್‌ಸ್ಕ್ರೀನ್ ಹಚ್ಚದಿದ್ದರೆ ರಾತ್ರಿ ಹಚ್ಚಿದ್ದು ಅರ್ಧ ದಂಡ.

ಕೆಂಪನ್ನು ಮಾತ್ರ ಇಳಿಸುವ ಬ್ರಿಮೊನಿಡಿನ್ ಜೆಲ್ ಅಂತ ಒಂದಿದೆ. ಅರ್ಧ ಗಂಟೆಯಲ್ಲಿ ಕೆಲಸ ಶುರು, ಆದರೆ ಪ್ರಭಾವ ಇಳಿದ ಮೇಲೆ ಕೆಲವರಿಗೆ ಮೊದಲಿಗಿಂತ ಹೆಚ್ಚು ಕೆಂಪಾಗುತ್ತದೆ. ಮದುವೆ ದಿನ ಬೆಳಗ್ಗೆ ಮೊದಲ ಸಲ ಹಚ್ಚಿ ನೋಡುವ ಔಷಧಿ ಅದಲ್ಲ.

ಇನ್ನೊಂದು, ರೊಸೇಶಿಯಾ ಕಣ್ಣಿಗೂ ಬರುತ್ತದೆ. ಮರಳು ಬಿದ್ದ ಹಾಗೆ ಚುಚ್ಚುವುದು, ರೆಪ್ಪೆಯ ಅಂಚು ಕೆಂಪಾಗುವುದು, ಪದೇ ಪದೇ ಕಣ್ಕುಟಿಗೆ ಏಳುವುದು. ಅದಕ್ಕೆ ಮುಖದ ಕ್ರೀಮ್ ಹಚ್ಚುವಂತಿಲ್ಲ, ಕಣ್ಣಿನ ಡಾಕ್ಟರನ್ನು ನೋಡಿ. ಕೆನ್ನೆಯ ಉರಿಯ ವಿಷಯವನ್ನೂ ಅವರಿಗೆ ಹೇಳಿ, ಅವರಾಗಿಯೇ ಕೇಳದೆ ಇರಬಹುದು.